ಗೆದ್ದಲು ಜಿರಳೆಯ ಬಳಗವೇ, ಆದರೆ ಜಿರಳೆ ಜೆಲ್ ಅದಕ್ಕೆ ನಾಟುವುದಿಲ್ಲ

ಗೆದ್ದಲೂ ಜಿರಳೆಯ ವಂಶದ್ದೇ ಎಂದು ಓದಿ, ಬಾಗಿಲ ಚೌಕಟ್ಟಿನ ಮಣ್ಣಿನ ಗೆರೆಗಳನ್ನು ಕೆರೆದು ಅಲ್ಲಿ ಜಿರಳೆ ಜೆಲ್ ಹಚ್ಚಿದ್ದಾಗಿ ಬರೆದಿದ್ದೀರಿ ಸರ್. ವಂಶದ ಮಾತು ನಿಜ. 2007ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಸಂಶೋಧಕರು ಡಿಎನ್‌ಎ ಆಧಾರದಿಂದ ಗೆದ್ದಲು ಜಿರಳೆಗಳ ಗಣದೊಳಗೇ ಸೇರುತ್ತದೆಂದು ತೋರಿಸಿದರು. ಕೊಳೆತ ಮರದೊಳಗೆ ಬಾಳುವ ಕ್ರಿಪ್ಟೊಸರ್ಕಸ್ ಜಿರಳೆಯೇ ಅದರ ಅತಿ ಹತ್ತಿರದ ಸಂಬಂಧಿ. ಉತ್ತರ ಆಸ್ಟ್ರೇಲಿಯದ ಮ್ಯಾಸ್ಟೊಟರ್ಮಿಸ್ ಗೆದ್ದಲಂತೂ ಇಂದಿಗೂ ಜಿರಳೆಯ ಹಾಗೆ ಮೊಟ್ಟೆಗಳನ್ನು ಒಂದಕ್ಕೊಂದು ಅಂಟಿಸಿ ಗುಂಪಾಗಿ ಇಡುತ್ತದೆ.

ಆದರೆ ಬಳಗ ಒಂದೇ ಆದರೂ ಊಟ ಬೇರೆ. ನಮ್ಮ ಕೆಂಪು ಮಣ್ಣಿನಲ್ಲಿ ಹೇರಳವಾಗಿರುವ ಒಡೊಂಟೊಟರ್ಮಿಸ್ ಜಾತಿಯ ಗೆದ್ದಲು ಮರವನ್ನು ತಿಂದು, ನೆಲದೊಳಗಿನ ಗೂಡಿನಲ್ಲಿ ತನ್ನ ಹಿಕ್ಕೆಯ ಮೇಲೆ ಶಿಲೀಂಧ್ರ ಬೆಳೆಸಿ ಉಣ್ಣುತ್ತದೆ. ಸಿಹಿಯ ಆಸೆಗೆ ಬಯಲಿಗೆ ಬರುವ ಜಿರಳೆಗಾಗಿ ಮಾಡಿದ ಜೆಲ್ಲನ್ನು ಅದು ಅರಸಿ ಬರುವುದಿಲ್ಲ.

ದಯವಿಟ್ಟು ಇನ್ನು ಮುಂದೆ ಗೆರೆ ಕೆರೆಯಬೇಡಿ. ಗೆದ್ದಲು ನೆಲ ಸೇರುವ ಜಾಗವನ್ನು ತೋರಿಸುವುದೇ ಆ ಗೆರೆ. ನಮ್ಮ ಹಳೆಯ ಬಾಡಿಗೆ ಮನೆಗೆ ಬಂದಿದ್ದ ಗುತ್ತಿಗೆದಾರರು ಮರಕ್ಕೆ ಮಾತ್ರ ಘಾಟಿನ ಮದ್ದು ಸಿಂಪಡಿಸಿ ಹೋದರು, ಗೆದ್ದಲು ಆ ವಾಸನೆಯಿಂದ ದೂರ ಸರಿದು ಬೀರುವಿನ ಹಿಂದೆ ಎದ್ದಿತು. ಗೋಡೆ ಮತ್ತು ನೆಲ ಕೂಡುವಲ್ಲಿ ಅಡಿಗೊಂದರಂತೆ 12 ಮಿ.ಮೀ. ತೂತು ಕೊರೆದು, ಲೇಬಲ್ಲಿನ ಪ್ರಮಾಣದಲ್ಲಿ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕದ ದ್ರಾವಣ ಇಳಿಸಿ, ಸಿಮೆಂಟಿನಿಂದ ಮುಚ್ಚಿಸಿ. ಈ ಮದ್ದಿನ ಇರವು ಗೆದ್ದಲಿಗೆ ತಿಳಿಯುವುದಿಲ್ಲ. ಪರಸ್ಪರ ಬಾಯಿಂದ ಬಾಯಿಗೆ ಉಣಿಸುವಾಗ, ಮೈ ನೆಕ್ಕುವಾಗ ಅದು ಗೂಡಿನೊಳಗೆ ಹರಡುತ್ತದೆ. ಈ ಮದ್ದಿರುವ ಪ್ರೆಮೈಸ್ ಬ್ರ್ಯಾಂಡ್ ಒಳ್ಳೆಯದೇ, ಆದರೆ ಹೆಸರಿಗೆ ಜೋತುಬೀಳದೆ ಡಬ್ಬಿಯ ಮೇಲೆ ಇಮಿಡಾಕ್ಲೋಪ್ರಿಡ್ 30.5 ಶೇಕಡಾ ಎಂದಿದೆಯೇ ನೋಡಿ. ಸಂಪ್ ಅಥವಾ ಬೋರ್‌ವೆಲ್ ಪಕ್ಕದಲ್ಲಿದ್ದರೆ ನೀವೇ ಕೈ ಹಾಕಬೇಡಿ, ತಿಳಿದವರನ್ನು ಕರೆಸಿ. ಮೊದಲ ಮಳೆಗೆ ಟ್ಯೂಬ್‌ಲೈಟಿಗೆ ಮುತ್ತುವ ರೆಕ್ಕೆಯ ಗೆದ್ದಲಿಗೆ ಮದ್ದು ಸುರಿಯುವುದು ಬರೀ ದಂಡ, ದೀಪ ಆರಿಸಿದರೆ ಸಾಕು.

ಉಳಿದ ಜೆಲ್ಲನ್ನು ಅಡುಗೆಮನೆಗೆ ಇಟ್ಟುಕೊಳ್ಳಿ. ಸತ್ತ ಜಿರಳೆಯನ್ನೂ ಅದರ ಹಿಕ್ಕೆಯನ್ನೂ ಉಳಿದವು ತಿನ್ನುವುದರಿಂದ ಅಲ್ಲಿಯೂ ವಿಷ ಸಾಗುತ್ತದೆ. ಕಬೋರ್ಡಿನ ಕೀಲುಗಳ ಬಳಿ ಸಾಸಿವೆ ಕಾಳಿನಷ್ಟು ಚುಕ್ಕೆಗಳಿಟ್ಟರೆ ಸಾಲುತ್ತದೆ, ಆದರೆ ಅದರ ಮೇಲೆಯೇ ಸ್ಪ್ರೇ ಹೊಡೆದರೆ ಜಿರಳೆ ಹತ್ತಿರ ಸುಳಿಯುವುದಿಲ್ಲ. ಸಣ್ಣ ಜರ್ಮನ್ ಜಿರಳೆಯ ಹೆಣ್ಣು, ಮೊಟ್ಟೆ ಒಡೆದು ಮರಿ ಹೊರಬರುವವರೆಗೂ ಮೊಟ್ಟೆಚೀಲವನ್ನು ಹೊತ್ತೇ ತಿರುಗುತ್ತದೆ. ಆ ಮರಿಗಳಿಗಾಗಿ ಕೆಲವು ವಾರಗಳ ನಂತರ ಇನ್ನೊಮ್ಮೆ ಜೆಲ್ ಇಡಬೇಕಾಗುತ್ತದೆ.