ಡ್ರಿಪ್ ಸಬ್ಸಿಡಿ ಒಂದನ್ನೇ ನೋಡಿದರೆ ಸಾಲದು

ನೀವು ಕೇಳಿದ್ದು ಇದು: ರಾಜ್ಯ ಸರ್ಕಾರದ ನೀತಿಯಿಂದ ಬೇಸಾಯದಲ್ಲಿ ನೀರಿನ ಬಳಕೆ ಹೇಗೆ ಸುಧಾರಿಸುತ್ತದೆ ಅಂತ ಪ್ರಬಂಧ ಬರೆಯಬೇಕು, ಹನಿ ನೀರಾವರಿ ಸಬ್ಸಿಡಿಯನ್ನು ಅಧ್ಯಯನ ಮಾಡಿದರೆ ಸಾಕಾ?

ಸಾಕಾಗಲ್ಲ. ಡ್ರಿಪ್ ಬಗ್ಗೆ ಖಂಡಿತ ಬರೆಯಿರಿ, ಆದರೆ ಅದರಿಂದ ಉಳಿತಾಯವಾದ ನೀರು ಆಮೇಲೆ ಎಲ್ಲಿಗೆ ಹೋಯಿತು ಅನ್ನುವ ಪ್ರಶ್ನೆಯನ್ನು ಕೈಬಿಡಬೇಡಿ. ಹೆಚ್ಚಿನ ವರದಿಗಳು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಎಷ್ಟು ಹೆಕ್ಟೇರಿಗೆ ಪೈಪ್ ಹಾಕಿದರು ಅಂತ ಹೇಳಿ ಮುಗಿಸಿಬಿಡುತ್ತವೆ.

ಹೊಲಕ್ಕೆ ಹಾಯಿಸಿದ ನೀರಿನಲ್ಲಿ ಒಂದು ಪಾಲು ಬೆಳೆಗೆ ಹೋಗುತ್ತದೆ, ಒಂದು ಪಾಲು ಸುಮ್ನೆ ಆವಿಯಾಗುತ್ತದೆ, ಮತ್ತೊಂದು ಪಾಲು ಭೂಮಿಗೆ ಇಂಗುತ್ತದೆ. ಇಂಗಿದ್ದೆಲ್ಲ ಪೋಲಾಯಿತು ಅಂತ ನಾವು ಲೆಕ್ಕ ಹಾಕುತ್ತೇವೆ. ಎಷ್ಟೋ ಕಡೆ ಅದೇ ನೀರು ಕೆಳಗಿನ ಊರಿನ ಬಾವಿಯಲ್ಲಿ ಮೇಲೆ ಬರುತ್ತದೆ. ಡ್ರಿಪ್ ಹಾಕಿದ ರೈತ ಉಳಿದ ನೀರಿನಲ್ಲಿ ಇನ್ನೊಂದೆರಡು ಎಕರೆಗೆ ಬೆಳೆ ಇಟ್ಟರೆ ಅವರ ಆದಾಯ ಏರುತ್ತದೆ, ಅದು ಸಂತೋಷದ ವಿಷಯವೇ. ಆದರೆ ಅಂತರ್ಜಲದ ಮೇಲಿನ ಹೊರೆ ಕಡಿಮೆ ಆಗಲಿಲ್ಲ, ಜಾಸ್ತಿಯೇ ಆಗಿರಬಹುದು. ನಾನು ಡ್ರಿಪ್ ವಿರೋಧಿ ಅಲ್ಲ. ಇಳುವರಿ, ಗೊಬ್ಬರ, ಕೂಲಿ ಎಲ್ಲದರಲ್ಲೂ ಅದರಿಂದ ಲಾಭ ಇದೆ. ಹೊಲದಲ್ಲಿ ಉಳಿದದ್ದು ನದಿಯಲ್ಲೂ ಉಳಿಯಿತು ಅಂತ ಅಳೆಯದೆ ಬರೆಯಬೇಡಿ, ಅಷ್ಟೇ.

ಸಂವಿಧಾನದಲ್ಲಿ ನೀರು ರಾಜ್ಯಪಟ್ಟಿಯ 17ನೇ ವಿಷಯ. ಹಾಗಂತ ಜಲಸಂಪನ್ಮೂಲ ಇಲಾಖೆಯ ಕಡತಗಳನ್ನಷ್ಟೇ ಹಿಡಿದು ಕೂತರೆ ಅರ್ಧ ಕಥೆ ತಪ್ಪಿಹೋಗುತ್ತದೆ. ನಿಜವಾದ ನೀರಿನ ನೀತಿ ಬಹಳಷ್ಟು ಸಲ ವಿದ್ಯುತ್ ಇಲಾಖೆಯಲ್ಲಿ ಇರುತ್ತದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ. ಕರೆಂಟ್ ರಾತ್ರಿ ಬರುತ್ತೋ ಬೆಳಗಿನ ಜಾವ ಬರುತ್ತೋ ಗೊತ್ತಿಲ್ಲ ಅಂದಾಗ ರೈತರು ಆಟೋ ಸ್ಟಾರ್ಟರ್ ಹಾಕಿಟ್ಟು ಮಲಗುತ್ತಾರೆ. ಕರೆಂಟ್ ಬಂದ ತಕ್ಷಣ ಮೋಟಾರ್ ತಾನೇ ಶುರುವಾಗುತ್ತದೆ, ಹೋಗುವ ತನಕ ಓಡುತ್ತದೆ. ಇಲ್ಲಿ ರೈತರನ್ನು ದೂರಿ ಏನು ಪ್ರಯೋಜನ? ಮೋಟಾರ್ ನಿಲ್ಲಿಸಲು ಅವರಿಗೆ ಕಾರಣವೇ ಇಲ್ಲ.

ಬೇರೆ ರಾಜ್ಯಗಳು ಇದನ್ನು ಬೇರೆ ಬೇರೆ ದಾರಿಯಲ್ಲಿ ನಿಭಾಯಿಸಲು ನೋಡಿವೆ. ಗುಜರಾತ್ 2003ರಿಂದ ಜ್ಯೋತಿಗ್ರಾಮ ಯೋಜನೆಯಲ್ಲಿ ಮನೆಗಳಿಗೆ ಒಂದು ಫೀಡರ್ (ಕರೆಂಟ್ ಲೈನ್), ಪಂಪ್‌ಸೆಟ್‌ಗಳಿಗೆ ಇನ್ನೊಂದು ಅಂತ ಬೇರ್ಪಡಿಸಿತು. ಪಂಪ್‌ಗೆ ದಿನಕ್ಕೆ 8 ಗಂಟೆ ಒಳ್ಳೆ ಕರೆಂಟ್, ಅದಕ್ಕಿಂತ ಹೆಚ್ಚಿಲ್ಲ. ಪಂಜಾಬ್ 2018ರಲ್ಲಿ ಇನ್ನೊಂದು ಪ್ರಯೋಗ ಮಾಡಿತು, ಹೆಸರು ‘ಪಾನಿ ಬಚಾವೋ ಪೈಸಾ ಕಮಾವೋ’. ಗೊತ್ತು ಮಾಡಿದ ಮಿತಿಗಿಂತ ಕಡಿಮೆ ಕರೆಂಟ್ ಬಳಸಿದ ರೈತರಿಗೆ ಉಳಿಸಿದ ಪ್ರತಿ ಯೂನಿಟ್‌ಗೆ 4 ರೂಪಾಯಿ ಕೊಡುವುದು. ಉಚಿತ ಕರೆಂಟ್ ಕಿತ್ತುಕೊಳ್ಳದೆ ಉಳಿತಾಯಕ್ಕೆ ಬೆಲೆ ಕಟ್ಟಿದ ಈ ಯೋಚನೆ ನನಗೆ ತುಂಬಾ ಹಿಡಿಸಿತು.

ಅದೇ ಪಂಜಾಬಿನ 2009ರ ಕಾನೂನನ್ನೂ ಓದಿ. ಜೂನ್ 10ಕ್ಕೆ ಮುಂಚೆ ಭತ್ತ ನಾಟಿ ಮಾಡುವಂತಿಲ್ಲ ಅಂದರು. ಮೇ ತಿಂಗಳ ಬಿಸಿಲಿನಲ್ಲಿ ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಆವಿಯಾಗಿ ಹೋಗುವುದೇ ಹೆಚ್ಚು, ಹಾಗಾಗಿ ತರ್ಕ ಸರಿಯಾಗಿಯೇ ಇತ್ತು. ಆದರೆ ನಾಟಿ ತಡವಾದರೆ ಕೊಯ್ಲೂ ತಡ, ಗೋಧಿ ಬಿತ್ತನೆಗೆ ಉಳಿಯುವ ದಿನ ಕಡಿಮೆ. ಕೂಳೆ ಸುಡುವುದು ಚಳಿಗಾಲದ ಅಂಚಿಗೆ ಸರಿದು ದೆಹಲಿ ಕಡೆಯ ಹೊಗೆ ಹೆಚ್ಚಲು ಇದೂ ಒಂದು ಕಾರಣ ಅಂತ ಅಧ್ಯಯನಗಳು ಹೇಳುತ್ತವೆ. ಸರ್ಕಾರವೇ ಬೆಂಬಲ ಬೆಲೆಗೆ ಭತ್ತ ಕೊಳ್ಳುತ್ತಿರುವಾಗ ರೈತರು ಭತ್ತ ಬಿಟ್ಟು ಬೇರೆ ಯಾಕೆ ಬೆಳೆಯುತ್ತಾರೆ? ಯಾವ ಬೆಳೆಗೆ ಖರೀದಿ ಖಾತ್ರಿ ಇದೆಯೋ ನೀರು ಅಲ್ಲಿಗೇ ಹರಿಯುತ್ತದೆ.

ನಮ್ಮಲ್ಲೇ ಇದನ್ನು ಕಣ್ಣಾರೆ ನೋಡಬೇಕು ಅಂದರೆ ತುಂಗಭದ್ರಾ ಎಡದಂಡೆ ನಾಲೆಯನ್ನು ಆರಿಸಿಕೊಳ್ಳಿ. ಆ ಭಾಗದಲ್ಲಿ ಓಡಾಡಿದ ಮೇಲೆ ನನಗೆ ಪುಸ್ತಕದ ಎಷ್ಟೋ ಮಾತು ಅರ್ಥವಾಯಿತು. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನು ಮುಖ್ಯವಾಗಿ ಲೆಕ್ಕದಲ್ಲಿ ಇಟ್ಟುಕೊಂಡು, ಸ್ವಲ್ಪ ಸ್ವಲ್ಪ ನೀರು ಹೆಚ್ಚು ಜನಕ್ಕೆ ಸಿಗಲಿ ಅಂತ ಮಾಡಿದ ನಾಲೆ ಅದು. ಈಗ ಮೇಲ್ಭಾಗದ ಗಂಗಾವತಿಯನ್ನು ಭತ್ತದ ಕಣಜ ಅಂತಲೇ ಕರೆಯುತ್ತಾರೆ. ಕೊನೆಯ ಮಾನ್ವಿ, ರಾಯಚೂರು ಕಡೆಯವರು ನಾಲೆಯ 104ನೇ ಮೈಲಿಯಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಅಂತ ಕೇಳುತ್ತಾ ಕೂರಬೇಕು. ಗೇಜ್ ಬಿದ್ದರೆ ರಸ್ತೆ ತಡೆ, ಧರಣಿ. ಪೂರ್ತಿ ತಪ್ಪು ಮೇಲಿನವರದ್ದೂ ಅಲ್ಲ. ಶುರುವಿನಲ್ಲಿ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಎಲ್ಲಿ ಯಾವ ಬೆಳೆ ಬೆಳೆಯಬೇಕು ಅನ್ನುವ ಬೆಳೆ ಪದ್ಧತಿ ಕಾಗದದಲ್ಲಿ ಇದೆ, ಉಲ್ಲಂಘನೆ ಎಲ್ಲರಿಗೂ ಗೊತ್ತು. 2024ರಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ನಾಲೆಯಿಂದ ಅಕ್ರಮವಾಗಿ ನೀರೆತ್ತುವವರಿಗೆ ಶಿಕ್ಷೆ ಹೆಚ್ಚಿಸಿದರು. ಒಳ್ಳೆಯದೇ. ಆದರೆ ಜೋಳಕ್ಕೆ ಭತ್ತದಷ್ಟು ಗಟ್ಟಿ ಮಾರುಕಟ್ಟೆ ಇಲ್ಲದೆ ಬರೀ ದಂಡದಿಂದ ಬೆಳೆ ಬದಲಾಗುತ್ತದೆ ಅಂತ ನನಗೆ ಅನಿಸುವುದಿಲ್ಲ.

ಹುನಗುಂದ ತಾಲೂಕಿನ ರಾಮಥಾಳ-ಮರೋಳ ಯೋಜನೆಯನ್ನೂ ಸೇರಿಸಿಕೊಳ್ಳಿ. ನಾರಾಯಣಪುರ ಹಿನ್ನೀರಿನಿಂದ ಸುಮಾರು 24,000 ಹೆಕ್ಟೇರಿಗೆ ಸಾಮೂಹಿಕ ಹನಿ ನೀರಾವರಿ. ಅಲ್ಲಿ ಉದ್ಘಾಟನೆಯ ಅಂಕಿಗಳನ್ನು ಬಿಟ್ಟು ಫಿಲ್ಟರ್ ಯಾರು ತೊಳೆಯುತ್ತಾರೆ, ಒಡೆದ ಪೈಪಿಗೆ ಯಾರು ದುಡ್ಡು ಹಾಕುತ್ತಾರೆ ಅಂತ ವಿಚಾರಿಸಿ.

ಇನ್ನು ಅಧ್ಯಯನದ ರೀತಿ. ರಾಷ್ಟ್ರೀಯ ಜಲ ಮಿಷನ್ ನೀರಿನ ಬಳಕೆಯ ದಕ್ಷತೆಯನ್ನು 20 ಪರ್ಸೆಂಟ್ ಹೆಚ್ಚಿಸುವ ಗುರಿ ಇಟ್ಟಿದೆ. ಯಾವುದರ ಮೇಲೆ 20 ಅಂತ ಮೊದಲು ನೀವೇ ಗೊತ್ತು ಮಾಡಿಕೊಳ್ಳಿ: ಹೊಲದ ಲೆಕ್ಕವಾ, ನಾಲೆಯ ಲೆಕ್ಕವಾ, ಇಡೀ ನದಿ ಕೊಳ್ಳದ ಲೆಕ್ಕವಾ? ಮೂರಕ್ಕೂ ಉತ್ತರ ಬೇರೆ ಬರುತ್ತದೆ. ರಾಜ್ಯ ಪೂರ್ತಿ ಹಿಡಿಯಲು ಹೋಗಬೇಡಿ, ಒಂದು ವಿತರಣಾ ನಾಲೆ ಸಾಕು. ಅದಕ್ಕೆ ಬಿಟ್ಟ ನೀರಿನ ರಿಜಿಸ್ಟರ್ ಕೇಳಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಬೆಳೆ ಸಮೀಕ್ಷೆ ತೆಗೆದುಕೊಳ್ಳಿ. ಹೊಲದಿಂದ ಎಷ್ಟು ನೀರು ಆವಿಯಾಯಿತು ಅನ್ನುವ ಅಂದಾಜು ಉಪಗ್ರಹ ಮಾಹಿತಿಯಿಂದ ಈಗ ಪುಕ್ಕಟೆ ಸಿಗುತ್ತದೆ, ಅದರ ಪಕ್ಕ ಅಂತರ್ಜಲ ಮಟ್ಟ ಇಟ್ಟು ನೋಡಿ. ಆಗ ನಿಜವಾದ ಉಳಿತಾಯ ಎಲ್ಲಿದೆ ಅಂತ ಕಾಣುತ್ತದೆ.

ಊರಿಗೆ ಹೋಗುವುದಾದರೆ ನಾಟಿ ಸಮಯಕ್ಕೆ ಹೋಗಿ, ನೀರಾವರಿ ಸಲಹಾ ಸಮಿತಿ ಸಭೆ ಆದ ವಾರದಲ್ಲೇ ಹೋದರೆ ಇನ್ನೂ ಒಳ್ಳೆಯದು. ಯಾವ ನಾಲೆಗೆ ಯಾವ ದಿನದವರೆಗೆ ನೀರು ಅಂತ ಅಲ್ಲಿ ತೀರ್ಮಾನ ಆಗಿರುತ್ತದೆ. ಆ ತೀರ್ಮಾನದ ಪ್ರತಿ ಕೈಯಲ್ಲಿ ಹಿಡಿದು ನಾಲೆಯ ತಲೆಯಿಂದ ಕೊನೆಯ ತೂಬಿನವರೆಗೆ ನಡೆಯಿರಿ, ನೀರು ಬಳಕೆದಾರರ ಸಂಘದವರನ್ನು ಜೊತೆಗೆ ಕರೆದುಕೊಳ್ಳಿ. ಸಂದರ್ಶನದ ಪ್ರಶ್ನೆಗಳನ್ನು ಅದಾದ ಮೇಲೆ ಬರೆದುಕೊಂಡರೆ ಸಾಕು.