ಕಾರು ಓಡಿಸಿದ್ದು ಯಾರು? – ಓದುಗರ ಕಾನೂನು ಪ್ರಶ್ನೆಗಳು

ಪ್ರಶ್ನೆ: ನನ್ನ ಕಾರನ್ನು ತಮ್ಮನ ಮಗ ಓಡಿಸಿ ಕಾಂಪೌಂಡಿಗೆ ಗುದ್ದಿದ. ಅವನಿಗೆ 20 ವರ್ಷ, ಡಿಎಲ್ ಇಲ್ಲ. ಬೇರೆ ಯಾರಿಗೂ ಪೆಟ್ಟಾಗಿಲ್ಲ. ಗ್ಯಾರೇಜಿನವರ ಮಾತು ಕೇಳಿ, ನಾನೇ ಓಡಿಸುತ್ತಿದ್ದೆ ಎಂದು ಕ್ಲೇಮ್ ಫಾರಂನಲ್ಲಿ ಬರೆದು ಸಹಿ ಹಾಕಿದ್ದೇನೆ. ರಿಪೇರಿಗೆ 1.8 ಲಕ್ಷ ರೂ. ಅಂದಾಜು. ಈಗ ಕಂಪನಿ ಕಡೆಯವರು ಲಿಖಿತ ಹೇಳಿಕೆ ಕೇಳುತ್ತಿದ್ದಾರೆ. ಸಿಕ್ಕಿಬಿದ್ದರೆ ಕ್ಲೇಮ್ ಹೋಗುತ್ತದೆ, ಅಷ್ಟೇ ಅಲ್ಲವೇ ಸರ್?
– ಓದುಗರು, ಅರಸೀಕೆರೆ

ಉತ್ತರ: ಅಷ್ಟೇ ಅಲ್ಲ. ಸುಳ್ಳು ಹೇಳಿ ವಿಮೆ ಹಣ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಂ ಪ್ರಕಾರ ವಂಚನೆ. ಜನರ ಬಾಯಲ್ಲಿ ಇಂದಿಗೂ ಅದು ‘420’. 7 ವರ್ಷದವರೆಗೆ ಜೈಲು, ಜೊತೆಗೆ ದಂಡ. ಹಣ ಕೈಸೇರದಿದ್ದರೂ ಪ್ರಯತ್ನಕ್ಕೆ 62ನೇ ಕಲಂ ಇದೆ, ಗರಿಷ್ಠ ಅವಧಿಯ ಅರ್ಧದವರೆಗೆ ಶಿಕ್ಷೆ. ಉಪಾಯ ಹೇಳಿಕೊಟ್ಟ ಗ್ಯಾರೇಜಿನವರೂ ಒಳಸಂಚಿನಲ್ಲಿ ಸೇರಬಹುದು. ಆದರೆ ಫಾರಂ ಮೇಲಿರುವುದು ನಿಮ್ಮ ಸಹಿ.

ಸಿಕ್ಕಿಬೀಳುವುದು ಕಷ್ಟವೇನಲ್ಲ. ನಮ್ಮಲ್ಲಿ ಚಾಲಕ ಕೂರುವುದು ಬಲಗಡೆ. ಸೀಟ್ ಬೆಲ್ಟಿನ ಗೀರು ಅವನ ಬಲ ಭುಜದಿಂದ ಇಳಿಯುತ್ತದೆ, ಪಕ್ಕದವನಿಗಾದರೆ ಎಡ ಭುಜದಿಂದ. ಹುಡುಗ ಆಸ್ಪತ್ರೆಗೆ ಹೋಗಿದ್ದರೆ ಅಲ್ಲಿನ ರಿಜಿಸ್ಟರಿನಲ್ಲಿ ಏನು ಬರೆಸಿದ್ದಾನೆ? ಆ ಹೊತ್ತಿಗೆ ನೀವು ಎಲ್ಲಿದ್ದಿರಿ, ಎದುರು ಮನೆಯ ಸಿಸಿಟಿವಿಯಲ್ಲಿ ಇಳಿದವರು ಯಾರು? ತನಿಖೆ ಶುರುವಾಗುವುದೇ ಇಲ್ಲಿಂದ.

ಲಿಖಿತ ಹೇಳಿಕೆಯಲ್ಲಿ ಅದೇ ಸುಳ್ಳನ್ನು ಮತ್ತೆ ಬರೆಯಬೇಡಿ. ಮೊದಲು ಕ್ರಿಮಿನಲ್ ವಕೀಲರನ್ನು ನೋಡಿ. ಕ್ಲೇಮ್ ಸಂಖ್ಯೆ ನಮೂದಿಸಿ, ಚಾಲಕನ ವಿವರ ಸರಿಯಿಲ್ಲ, ಕ್ಲೇಮ್ ಹಿಂಪಡೆಯುತ್ತೇನೆ ಎಂಬ ಪತ್ರವನ್ನು ಅವರಿಂದಲೇ ತಿದ್ದಿಸಿ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ. ಅದು ಒಂದು ರೀತಿಯಲ್ಲಿ ತಪ್ಪೊಪ್ಪಿಗೆಯೇ ಆದ್ದರಿಂದ ಪದಗಳು ಮುಖ್ಯ. ಹಿಂಪಡೆದ ಮಾತ್ರಕ್ಕೆ ಅಪರಾಧ ಅಳಿಸಿಹೋಗದು. ಆದರೆ ಹಣ ಬರುವ ಮುನ್ನ ಹಿಂದೆ ಸರಿದದ್ದು ಮುಂದೆ ನಿಮ್ಮ ಪರ ವಾದಕ್ಕೆ ಬಲ ಕೊಡುತ್ತದೆ. ಗ್ಯಾರೇಜಿನಲ್ಲಿ ಕೆಲಸ ಇವತ್ತೇ ನಿಲ್ಲಿಸಿ, ಇನ್ನು ಬಿಲ್ ನಿಮ್ಮದೇ. ಡಿಎಲ್ ಇಲ್ಲದವನಿಗೆ ಕಾರು ಕೊಟ್ಟದ್ದಕ್ಕೆ ಮೋಟಾರು ವಾಹನ ಕಾಯ್ದೆಯ 180ನೇ ಕಲಂ ನಿಮಗೆ, 181 ಹುಡುಗನಿಗೆ: ತಲಾ 5,000 ರೂ. ದಂಡ ಅಥವಾ 3 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಪ್ರಶ್ನೆ: ಬೈಕಿನಲ್ಲಿ ಬರುತ್ತಿದ್ದ ತಂದೆಯವರಿಗೆ ಲಾರಿಯೊಂದು ಗುದ್ದಿ ನಿಲ್ಲಿಸದೆ ಹೋಯಿತು, ಅವರು ತೀರಿಕೊಂಡರು. ವಿಮೆ ಇರುವ ಪರಿಚಿತರ ಟೆಂಪೊವನ್ನು ಕೇಸಿಗೆ ‘ಹಾಕಿಸಿದರೆ’ ಪರಿಹಾರ ಸಿಗುತ್ತದೆ ಎಂದು ಮಧ್ಯವರ್ತಿಯೊಬ್ಬರು ಹೇಳುತ್ತಿದ್ದಾರೆ.
– ಓದುಗರು, ಹಿರಿಯೂರು

ಉತ್ತರ: ಬೇಡ. ಟೆಂಪೊದ ಜಖಂ ಬೈಕಿನ ಜಖಂಗೆ ಹೊಂದದಿದ್ದರೆ ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲೇ ಕಾಣುತ್ತದೆ. ಆಸ್ಪತ್ರೆಯ ಮೊದಲ ದಾಖಲೆಯಲ್ಲಿ ‘ಅಪರಿಚಿತ ವಾಹನ’ ಎಂದಿದ್ದರಂತೂ ಕೇಸು ಅಲ್ಲಿಗೇ ಬಿತ್ತು. ನ್ಯಾಯಮಂಡಳಿ ಮುಂದೆ ಸುಳ್ಳು ಸಾಕ್ಷಿ ಹೇಳಿದರೆ 7 ವರ್ಷದವರೆಗೆ ಶಿಕ್ಷೆ, ಅದೂ ನಿಮಗೆ. ಉತ್ತರ ಪ್ರದೇಶದ ಇಂಥ ನಕಲಿ ಅರ್ಜಿಗಳ ತನಿಖೆಗೆ 2015ರಲ್ಲಿ ಅಲಹಾಬಾದ್ ಹೈಕೋರ್ಟ್ ವಿಶೇಷ ತಂಡವನ್ನೇ ರಚಿಸಿತು, ವಕೀಲರೂ ಆರೋಪಿಗಳಾದರು.

ನಿಮಗೆ ನ್ಯಾಯವಾಗಿ ಬರುವುದನ್ನು ಮೊದಲು ಹುಡುಕಿ. ಗುದ್ದಿ ಓಡಿಹೋದ ವಾಹನದಿಂದ ಸಾವಾದರೆ ಮೋಟಾರು ವಾಹನ ಕಾಯ್ದೆಯ 161ನೇ ಕಲಂ ಯೋಜನೆಯಲ್ಲಿ 2 ಲಕ್ಷ ರೂ. ಇದೆ, ಎಫ್‌ಐಆರ್, ಮರಣೋತ್ತರ ಪರೀಕ್ಷೆ ವರದಿ, ಬ್ಯಾಂಕ್ ಪಾಸ್‌ಬುಕ್ ಹಿಡಿದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ವಾಹನ ಪತ್ತೆಯಾಗಲಿಲ್ಲ ಎಂದು ಪೊಲೀಸರು ಹಾಕುವ ‘ಸಿ’ ರಿಪೋರ್ಟಿನ ಪ್ರತಿಯನ್ನೂ ಇಟ್ಟುಕೊಳ್ಳಿ. ಬಹಳ ಮಂದಿ ನೋಡದೇ ಬಿಡುವುದು ತಂದೆಯವರ ಬೈಕಿನ ಪಾಲಿಸಿಯನ್ನು. ಬೈಕ್ ಅವರ ಹೆಸರಿನಲ್ಲಿದ್ದು, ಡಿಎಲ್ ಚಾಲ್ತಿಯಲ್ಲಿದ್ದು, ‘ಮಾಲೀಕ-ಚಾಲಕ’ ವೈಯಕ್ತಿಕ ಅಪಘಾತ ವಿಮೆಗೆ ಪ್ರೀಮಿಯಂ ಕಟ್ಟಿದ್ದರೆ ವಾರಸುದಾರರಿಗೆ 15 ಲಕ್ಷ ರೂ. ಗುದ್ದಿದ್ದು ಯಾವ ಲಾರಿ ಎಂಬ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ತಂದೆಯವರ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 20 ರೂ. ಕಡಿತವಾಗಿದೆಯೇ ನೋಡಿ. ಆಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇರಬಹುದು, ಇನ್ನೊಂದು 2 ಲಕ್ಷ. ತಡಮಾಡದೆ ಆ ಬ್ಯಾಂಕ್ ಶಾಖೆಗೆ ಹೋಗಿ.