ಮಜ್ಜೆಯ ವರದಿಯಲ್ಲಿ ಕಾಣುವ ಟಿಡಿಟಿ

ಪ್ರಶ್ನೆ: ಅಸ್ಥಿಮಜ್ಜೆಯ ಪರೀಕ್ಷಾ ವರದಿಯಲ್ಲಿ ‘ಟಿಡಿಟಿ ಪಾಸಿಟಿವ್’ ಎಂದು ಬರೆದಿರುತ್ತಾರೆ. ಇದೇನು? ಜೀವಕೋಶದೊಳಗೆ ಇದನ್ನು ಗುರುತಿಸುವುದು ಹೇಗೆ?

ಉತ್ತರ: ಟಿಡಿಟಿ ಎಂದರೆ ಟರ್ಮಿನಲ್ ಡಿಆಕ್ಸಿನ್ಯೂಕ್ಲಿಯೊಟೈಡಿಲ್ ಟ್ರಾನ್ಸ್‌ಫರೇಸ್ ಎಂಬ ಕಿಣ್ವ. ಡಿಎನ್ಎ ಕಟ್ಟುವ ಇತರ ಕಿಣ್ವಗಳು ಸಾಮಾನ್ಯವಾಗಿ ಹಳೆಯ ಎಳೆಯೊಂದನ್ನು ನೋಡಿ ನಕಲು ಮಾಡುತ್ತವೆ. ಇದಾದರೋ ಯಾವ ಮಾದರಿಯೂ ಇಲ್ಲದೆ ಎಳೆಯ ತುದಿಗೆ ಹೊಸ ಘಟಕಗಳನ್ನು ಪೋಣಿಸುತ್ತದೆ. ಇನ್ನೂ ಬಲಿಯದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ ಪ್ರತಿಕಾಯದ (ಆಂಟಿಬಾಡಿ) ಜೀನ್ ತುಣುಕುಗಳು ಬೆಸೆಯುವ ಜಾಗದಲ್ಲಿ ಹೀಗೆ ಸೇರುವ ಘಟಕಗಳಿಂದಲೂ ನಮ್ಮ ರೋಗನಿರೋಧಕ ಶಕ್ತಿಗೆ ಅಪಾರ ವೈವಿಧ್ಯ ಬರುತ್ತದೆ ಎಂಬುದು ನಿಜಕ್ಕೂ ಬೆರಗಿನ ಸಂಗತಿ.

ವಿಜ್ಞಾನಿ ಫ್ರೆಡ್ ಬೊಲ್ಲಮ್ 1960ರ ಸುಮಾರಿಗೆ ಈ ಕಿಣ್ವವನ್ನು ಕರುವಿನ ಥೈಮಸ್ ಗ್ರಂಥಿಯಲ್ಲಿ (ಕೆಲವು ಲಿಂಫೋಸೈಟ್‌ಗಳು ಬಲಿಯುವ, ಎದೆಯೊಳಗಿನ ಗ್ರಂಥಿ) ಕಂಡರು. ಆದರೆ ಅಂಗಾಂಶವನ್ನು ಅರೆದು ಅಳೆದರೆ ಕಿಣ್ವದ ಒಟ್ಟು ಪ್ರಮಾಣ ತಿಳಿಯುತ್ತದೆಯೇ ಹೊರತು ಅದು ಯಾವ ಕೋಶದ್ದೆಂದು ತಿಳಿಯುವುದಿಲ್ಲ. ಆದ್ದರಿಂದ ಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಕಿಣ್ವಕ್ಕೆ ಮಾತ್ರ ಅಂಟುವ ಪ್ರತಿಕಾಯವನ್ನೂ ಅದರ ಮೇಲೆ ಹೊಳೆಯುವ ಬಣ್ಣ ಜೋಡಿಸಿದ ಇನ್ನೊಂದು ಪ್ರತಿಕಾಯವನ್ನೂ ಹಾಕಿ, ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ ಬಂತು. ಥೈಮಸ್‌ನ ಹೊರಪದರದ ಹೆಚ್ಚಿನ ಕೋಶಗಳು ಹೊಳೆಯುತ್ತವೆ, ಒಳಭಾಗದಲ್ಲಿ ಬಹುತೇಕ ಇಲ್ಲ. ಆರೋಗ್ಯವಂತರ ಮಜ್ಜೆಯಲ್ಲಿ ಕೆಲವೇ ಕೋಶಗಳು. ಹೊಳಪು ಮುಖ್ಯವಾಗಿ ಕೋಶಕೇಂದ್ರದಲ್ಲಿರುತ್ತದೆ.

ತೀವ್ರ ಲಿಂಫೊಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ ಬಹುಪಾಲು ರೋಗಿಗಳ ಕ್ಯಾನ್ಸರ್ ಕೋಶಗಳು ಹೀಗೆ ಹೊಳೆಯುತ್ತವೆ, ಅಂದರೆ ‘ಪಾಸಿಟಿವ್’ ಆಗಿರುತ್ತವೆ. ಹಾಗೆಂದು ಈ ಒಂದೇ ಪದವನ್ನು ಓದಿ ಹೆದರಬೇಡಿ: ಮಕ್ಕಳಲ್ಲಿ, ವಿಶೇಷವಾಗಿ ಚಿಕಿತ್ಸೆಯ ನಂತರ ಚೇತರಿಸಿಕೊಳ್ಳುತ್ತಿರುವ ಮಜ್ಜೆಯಲ್ಲಿ, ಆರೋಗ್ಯಕರ ಎಳೆಯ ಕೋಶಗಳೂ ಹೀಗೆಯೇ ಹೊಳೆಯುತ್ತವೆ. ಆದ್ದರಿಂದ ವೈದ್ಯರು ಇತರ ಗುರುತುಗಳನ್ನೂ ಸೇರಿಸಿ ನೋಡಿಯೇ ತೀರ್ಮಾನಿಸುತ್ತಾರೆ.